ನಾಲ್ಕು ಲಕ್ಷವೋ, ಹದಿನೆಂಟು ಲಕ್ಷವೋ: ದುಬಾರಿ ಖಾಸಗಿ ವಿಶ್ವವಿದ್ಯಾಲಯದ ಲೆಕ್ಕ ಹಾಕುವುದು ಹೇಗೆ?

ಸಿಇಟಿ ಫಲಿತಾಂಶ ಬಂದ ದಿನದಿಂದ ಬೇಕಾದ ಕಾಲೇಜುಗಳ ಪಟ್ಟಿ ಕೊಡುವ ಆಪ್ಷನ್ ಎಂಟ್ರಿ ಮುಗಿಯುವವರೆಗೆ, ಪಿಯುಸಿ ಮುಗಿಸಿದ ಮಗನೋ ಮಗಳೋ ಇರುವ ಮನೆಗಳಲ್ಲಿ ಒಂದೇ ಲೆಕ್ಕ ನಡೆಯುತ್ತಿರುತ್ತದೆ. ಬಂದ ರ‍್ಯಾಂಕಿಗೆ ಹತ್ತಿರದ ಊರಿನ ಕಾಲೇಜಿನಲ್ಲಿ ಎಲೆಕ್ಟ್ರಾನಿಕ್ಸ್ ಸಿಗಬಹುದು, ಬಯಸಿದ್ದ ಕಂಪ್ಯೂಟರ್ ಸೈನ್ಸ್ ಸಿಗಲಿಕ್ಕಿಲ್ಲ. ಅದೇ ಹೊತ್ತಿಗೆ ಬೆಂಗಳೂರಿನ ಯಾವುದೋ ಖಾಸಗಿ ವಿಶ್ವವಿದ್ಯಾಲಯದಿಂದ ಮೇಲಿಂದ ಮೇಲೆ ಕರೆ ಬರುತ್ತದೆ: ಕಂಪ್ಯೂಟರ್ ಸೈನ್ಸ್ ಸೀಟು ಇದೆ, ವರ್ಷಕ್ಕೆ ನಾಲ್ಕೂವರೆ ಲಕ್ಷ, ಈ ವಾರದೊಳಗೆ ಮುಂಗಡ ಕಟ್ಟಿದರೆ ಸೀಟು ಖಚಿತ. ನಾಲ್ಕು ವರ್ಷಕ್ಕೆ ಹದಿನೆಂಟು ಲಕ್ಷ. ಅಷ್ಟು ಕೊಡುವುದು ಸರಿಯೇ ಎಂಬ ಪ್ರಶ್ನೆಗೆ ಸಂಬಂಧಿಕರೆಲ್ಲರ ಬಳಿಯೂ ಒಂದೊಂದು ಉತ್ತರವಿರುತ್ತದೆ, ಲೆಕ್ಕ ಮಾತ್ರ ಯಾರ ಬಳಿಯೂ ಇರುವುದಿಲ್ಲ.

ಆ ಲೆಕ್ಕಕ್ಕೆ ಬೇಕಾದ ಮೂಲ ಮಾಹಿತಿಯನ್ನು ಎಂಜಿನಿಯರಿಂಗ್ ಪದವಿಯನ್ನು ಉದಾಹರಣೆಯಾಗಿಟ್ಟುಕೊಂಡು ಇಲ್ಲಿ ವಿವರಿಸಲಾಗಿದೆ. ಕಾನೂನು, ವಿನ್ಯಾಸ, ಬಿಬಿಎ ಮುಂತಾದ ಕೋರ್ಸುಗಳಿಗೂ ಲೆಕ್ಕದ ಕ್ರಮ ಬಹುಮಟ್ಟಿಗೆ ಇದೇ.

ಕಾಲೇಜು, ಸ್ವಾಯತ್ತ ಕಾಲೇಜು, ಖಾಸಗಿ ವಿಶ್ವವಿದ್ಯಾಲಯ, ಡೀಮ್ಡ್

ಹೆಸರುಗಳ ಗೊಂದಲವನ್ನು ಮೊದಲು ಬಿಡಿಸಿಕೊಳ್ಳಬೇಕು. ಕರ್ನಾಟಕದ ಬಹುಪಾಲು ಎಂಜಿನಿಯರಿಂಗ್ ಕಾಲೇಜುಗಳು ಬೆಳಗಾವಿಯ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯಕ್ಕೆ, ಅಂದರೆ ವಿಟಿಯುಗೆ ಸೇರಿದವು. 1998ರಲ್ಲಿ ಆರಂಭವಾದ ಈ ವಿಶ್ವವಿದ್ಯಾಲಯವೇ ಪಠ್ಯಕ್ರಮ ರೂಪಿಸಿ, ಪರೀಕ್ಷೆ ನಡೆಸಿ, ಪದವಿ ಕೊಡುತ್ತದೆ. ಬೆಂಗಳೂರಿನ ಬಿಎಂಎಸ್, ಆರ್‌ವಿ, ರಾಮಯ್ಯ ಮೊದಲಾದ ಹಳೆಯ ಕಾಲೇಜುಗಳು ಸ್ವಾಯತ್ತ ಕಾಲೇಜುಗಳು. ಪಠ್ಯವನ್ನೂ ಪರೀಕ್ಷೆಯನ್ನೂ ಅವೇ ನೋಡಿಕೊಳ್ಳುತ್ತವೆ, ಪದವಿ ಪ್ರಮಾಣಪತ್ರ ಮಾತ್ರ ವಿಟಿಯುನದು.

ಖಾಸಗಿ ವಿಶ್ವವಿದ್ಯಾಲಯ ಎಂದರೆ ರಾಜ್ಯ ವಿಧಾನಮಂಡಲ ಪ್ರತ್ಯೇಕ ಕಾಯ್ದೆ ಮಾಡಿ ಸ್ಥಾಪಿಸಿದ ಸಂಸ್ಥೆ. ಪಿಇಎಸ್, ರೇವಾ, ಹುಬ್ಬಳ್ಳಿಯ ಕೆಎಲ್‌ಇ ತಾಂತ್ರಿಕ ವಿಶ್ವವಿದ್ಯಾಲಯ ಈ ಗುಂಪಿನವು. ಡೀಮ್ಡ್ ವಿಶ್ವವಿದ್ಯಾಲಯಗಳಿಗೆ ಆ ಸ್ಥಾನ ಸಿಗುವುದು 1956ರ ವಿಶ್ವವಿದ್ಯಾಲಯ ಧನಸಹಾಯ ಆಯೋಗ (ಯುಜಿಸಿ) ಕಾಯ್ದೆಯ 3ನೇ ಸೆಕ್ಷನ್ ಪ್ರಕಾರ, ಕೇಂದ್ರ ಸರ್ಕಾರದಿಂದ. ಮಣಿಪಾಲ, ಕ್ರೈಸ್ಟ್, ಜೈನ್ ಇದಕ್ಕೆ ಉದಾಹರಣೆಗಳು. ಈ ಎರಡೂ ಬಗೆಯ ಸಂಸ್ಥೆಗಳು ಪದವಿಯನ್ನು ತಮ್ಮ ಹೆಸರಿನಲ್ಲೇ ಕೊಡುತ್ತವೆ.

ಪೋಷಕರಿಗೆ ಮುಖ್ಯವಾದ ಸಂಗತಿಯೆಂದರೆ, ಯುಜಿಸಿ ಪಟ್ಟಿಯಲ್ಲಿರುವ ಯಾವುದೇ ವಿಶ್ವವಿದ್ಯಾಲಯದ ಪದವಿ ಕಾನೂನಿನ ಕಣ್ಣಿನಲ್ಲಿ ಸಮಾನ. ಹದಿನೆಂಟು ಲಕ್ಷ ಕೊಟ್ಟು ಪಡೆದ ಬಿ.ಟೆಕ್‌ಗೂ ನಾಲ್ಕು ಲಕ್ಷದಲ್ಲಿ ಪಡೆದ ಬಿ.ಇ.ಗೂ ಸರ್ಕಾರಿ ನೇಮಕಾತಿಯಲ್ಲಾಗಲಿ, ಎಂ.ಟೆಕ್ ಪ್ರವೇಶದ ಗೇಟ್ ಪರೀಕ್ಷೆಯ ಅರ್ಹತೆಯಲ್ಲಾಗಲಿ ವ್ಯತ್ಯಾಸವಿಲ್ಲ. ವ್ಯತ್ಯಾಸವಿದ್ದರೆ ಅದು ಕಲಿಕೆಯಲ್ಲಿ, ಸಹಪಾಠಿಗಳಲ್ಲಿ, ಕ್ಯಾಂಪಸ್ಸಿಗೆ ಬರುವ ಕಂಪನಿಗಳಲ್ಲಿ ಇರಬೇಕು.

ಒಂದೇ ತರಗತಿ, ಮೂರು ನಾಲ್ಕು ಬೆಲೆ

ಖಾಸಗಿ ಎಂಜಿನಿಯರಿಂಗ್ ಕಾಲೇಜಿನ ಒಂದೇ ಬೆಂಚಿನಲ್ಲಿ ಕುಳಿತ ಮೂವರು ಮೂರು ಬಗೆಯ ಶುಲ್ಕ ಕಟ್ಟಿರಬಹುದು. ಅಲ್ಪಸಂಖ್ಯಾತ ಸಂಸ್ಥೆಗಳನ್ನು ಬಿಟ್ಟರೆ, ಅನುದಾನರಹಿತ ಕಾಲೇಜುಗಳಲ್ಲಿ ಸಾಮಾನ್ಯವಾಗಿ ಶೇ 45ರಷ್ಟು ಸೀಟುಗಳು ಕರ್ನಾಟಕ ಪರೀಕ್ಷಾ ಪ್ರಾಧಿಕಾರ, ಅಂದರೆ ಕೆಇಎ ಮೂಲಕ ಸಿಇಟಿ ರ‍್ಯಾಂಕಿನ ಮೇಲೆ ಹಂಚಿಕೆಯಾಗುತ್ತವೆ; ಶೇ 30ರಷ್ಟು ಖಾಸಗಿ ಕಾಲೇಜುಗಳ ಒಕ್ಕೂಟದ ಕಾಮೆಡ್‌–ಕೆ ಪರೀಕ್ಷೆಯ ಮೂಲಕ; ಉಳಿದ ಶೇ 25 ಆಡಳಿತ ಮಂಡಳಿಯ ಕೈಯಲ್ಲಿರುತ್ತವೆ. ಸಿಇಟಿ ಸೀಟಿಗೆ ವರ್ಷಕ್ಕೆ ಒಂದು ಲಕ್ಷದ ಆಸುಪಾಸು, ಕಾಮೆಡ್‌–ಕೆ ಸೀಟಿಗೆ ಎರಡರಿಂದ ಮೂರು ಲಕ್ಷ. ಮ್ಯಾನೇಜ್‌ಮೆಂಟ್ ಸೀಟಿಗೆ ಕಾಲೇಜಿನ ಹೆಸರು ಮತ್ತು ಬ್ರಾಂಚ್‌ನ ಬೇಡಿಕೆ ನೋಡಿ ಅದಕ್ಕಿಂತ ಎಷ್ಟೋ ಪಟ್ಟು ಹೆಚ್ಚು.

ಖಾಸಗಿ ವಿಶ್ವವಿದ್ಯಾಲಯಗಳಲ್ಲೂ ಶೇ 40ರಷ್ಟು ಸೀಟುಗಳು ಕೆಇಎ ಮೂಲಕ ಸಿಗುತ್ತವೆ ಎಂಬುದು ಅನೇಕರಿಗೆ ತಿಳಿದಿರುವುದಿಲ್ಲ. ಕರೆ ಮಾಡಿ ನಾಲ್ಕೂವರೆ ಲಕ್ಷ ಹೇಳಿದ ಸಂಸ್ಥೆಯ ಅದೇ ಬ್ರಾಂಚ್‌ನಲ್ಲಿ ಸರ್ಕಾರಿ ಶುಲ್ಕದ ಸೀಟೂ ಇರಬಹುದು, ಎರಡನೇ ಅಥವಾ ಮೂರನೇ ಸುತ್ತಿನಲ್ಲಿ ಅದು ನಿಮ್ಮ ರ‍್ಯಾಂಕಿಗೇ ಬರಬಹುದು. ಹಿಂದಿನ ವರ್ಷದ ಕಟ್-ಆಫ್ ಪಟ್ಟಿ ಕೆಇಎ ಜಾಲತಾಣದಲ್ಲಿ ಸುತ್ತುವಾರು ಸಿಗುತ್ತದೆ. ಮುಂಗಡ ಕಟ್ಟುವ ಮೊದಲು ಅದನ್ನು ತೆಗೆದು ನೋಡಬೇಕು. ಸೀಟು ಹಂಚಿಕೆಯ ನಂತರ ಬರುವ ‘ಚಾಯ್ಸ್’ಗಳಲ್ಲಿ ಎರಡನೆಯದನ್ನು ಆರಿಸಿದರೆ ಕೈಗೆ ಬಂದ ಸೀಟನ್ನು ಉಳಿಸಿಕೊಂಡೇ ಮುಂದಿನ ಸುತ್ತಿನಲ್ಲಿ ಮೇಲಿನ ಆಯ್ಕೆಗೆ ಕಾಯಬಹುದು. ದುಬಾರಿ ಸೀಟಿಗೆ ಅವಸರಪಡುವ ಮನೆಗಳು ಹೆಚ್ಚಾಗಿ ಈ ಅವಕಾಶವನ್ನು ಪೂರ್ತಿ ಬಳಸಿಕೊಂಡಿರುವುದಿಲ್ಲ.

ಇದರ ಜೊತೆಗೆ, ಕುಟುಂಬದ ವಾರ್ಷಿಕ ಆದಾಯ ಎಂಟು ಲಕ್ಷಕ್ಕಿಂತ ಕಡಿಮೆಯಿದ್ದವರಿಗೆ ಬೋಧನಾ ಶುಲ್ಕವಿಲ್ಲದ ಶೇ 5ರಷ್ಟು ಹೆಚ್ಚುವರಿ ಸೀಟುಗಳಿವೆ. ಕೆಇಎ ಪಟ್ಟಿಯಲ್ಲಿ ಇವು ಎಸ್‌ಎನ್‌ಕ್ಯೂ ಎಂಬ ಹೆಸರಿನಲ್ಲಿ ಕಾಣುತ್ತವೆ. ಆದಾಯ ಪ್ರಮಾಣಪತ್ರ ಸಕಾಲದಲ್ಲಿ ಮಾಡಿಸದೆ ಈ ಅವಕಾಶ ಕಳೆದುಕೊಳ್ಳುವವರು ಪ್ರತಿ ವರ್ಷವೂ ಇರುತ್ತಾರೆ.

ಶುಲ್ಕ ಇಷ್ಟೊಂದು ಏಕೆ?

ಅನುದಾನರಹಿತ ಸಂಸ್ಥೆಗೆ ಸರ್ಕಾರದಿಂದ ಸಂಬಳದ ಹಣ ಬರುವುದಿಲ್ಲ. ಕಟ್ಟಡ, ಪ್ರಯೋಗಾಲಯ, ಅಧ್ಯಾಪಕರ ವೇತನ ಎಲ್ಲವೂ ವಿದ್ಯಾರ್ಥಿಗಳ ಶುಲ್ಕದಿಂದಲೇ ಹುಟ್ಟಬೇಕು. ಪುಟಗಟ್ಟಲೆ ಜಾಹೀರಾತಿನ ವೆಚ್ಚವೂ ಅಲ್ಲಿಂದಲೇ ಬರುತ್ತದೆ ಎಂಬುದನ್ನು ಸೇರಿಸಬಹುದು.

ಶುಲ್ಕಕ್ಕೆ ಮಿತಿ ಎಲ್ಲಿ ಎಂಬ ಜಗಳದಲ್ಲಿ ಕರ್ನಾಟಕದ ಪಾತ್ರ ದೊಡ್ಡದು. ವಂತಿಗೆ, ಅಂದರೆ ಡೊನೇಷನ್ ವಸೂಲಿಯನ್ನು ನಿಷೇಧಿಸುವ ಕಾಯ್ದೆಯನ್ನು ರಾಜ್ಯ 1984ರಲ್ಲೇ ಮಾಡಿತು. ತುಮಕೂರಿನ ಖಾಸಗಿ ವೈದ್ಯಕೀಯ ಕಾಲೇಜಿನಲ್ಲಿ ಸರ್ಕಾರಿ ಸೀಟಿಗೆ ವರ್ಷಕ್ಕೆ 2,000 ರೂಪಾಯಿ, ರಾಜ್ಯದ ಇತರರಿಗೆ 25,000, ಹೊರರಾಜ್ಯದವರಿಗೆ 60,000 ಎಂದು ನಿಗದಿಯಾಗಿದ್ದುದರ ವಿರುದ್ಧ ಹೂಡಿದ ಮೊಕದ್ದಮೆಯೇ ವಂತಿಗೆ ಸಲ್ಲದು ಎಂದ 1992ರ ಮೋಹಿನಿ ಜೈನ್ ತೀರ್ಪಿಗೆ ಕಾರಣವಾಯಿತು. ಹತ್ತು ವರ್ಷಗಳ ನಂತರ, ಟಿ.ಎಂ.ಎ. ಪೈ ಪ್ರತಿಷ್ಠಾನದ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಹನ್ನೊಂದು ನ್ಯಾಯಮೂರ್ತಿಗಳ ಪೀಠ, ಖಾಸಗಿ ಸಂಸ್ಥೆಗಳು ತಮ್ಮ ಬೆಳವಣಿಗೆಗೆ ಬೇಕಾದಷ್ಟು ನ್ಯಾಯಯುತ ಮಿಗುತಾಯ ಇಟ್ಟುಕೊಳ್ಳಬಹುದು, ಆದರೆ ಲಾಭಕೋರತನವಾಗಲಿ ವಂತಿಗೆಯಾಗಲಿ ಸಲ್ಲದು ಎಂದು ಹೇಳಿತು. 2005ರ ಇನಾಮದಾರ್ ತೀರ್ಪಿನ ಪ್ರಕಾರ, ಅನುದಾನರಹಿತ ಕಾಲೇಜುಗಳ ಸೀಟುಗಳಲ್ಲಿ ಸರ್ಕಾರ ತನ್ನ ಪಾಲನ್ನು ಒತ್ತಾಯದಿಂದ ಪಡೆಯುವಂತಿಲ್ಲ. ಸೀಟು ಹಂಚಿಕೆಯ ಬಗ್ಗೆ ಸರ್ಕಾರ ಮತ್ತು ಕಾಲೇಜುಗಳ ನಡುವೆ ವರ್ಷ ವರ್ಷವೂ ಮಾತುಕತೆ ನಡೆಯುವುದು, ಶುಲ್ಕ ಏರಿಕೆಯ ಸುದ್ದಿ ಅದರ ಬೆನ್ನಿಗೇ ಬರುವುದು ಈ ಕಾರಣಕ್ಕೆ.

ಇವೆಲ್ಲದರ ಫಲವಾಗಿ ಒಂದು ಸೀಟಿನ ಬೆಲೆಗೂ ಅಲ್ಲಿ ಸಿಗುವ ಪಾಠದ ವೆಚ್ಚಕ್ಕೂ ನೇರ ಸಂಬಂಧ ಉಳಿದಿಲ್ಲ. ಸಿವಿಲ್ ವಿಭಾಗದ ಪ್ರಯೋಗಾಲಯಗಳಿಗೆ ತಗಲುವ ಖರ್ಚು ಕಂಪ್ಯೂಟರ್ ಸೈನ್ಸ್‌ಗಿಂತ ಕಡಿಮೆಯೇನಲ್ಲ. ಆದರೂ ಮ್ಯಾನೇಜ್‌ಮೆಂಟ್ ಕೋಟಾದಲ್ಲಿ ಕಂಪ್ಯೂಟರ್ ಸೈನ್ಸ್ ಸೀಟಿಗೇ ಹೆಚ್ಚು ಬೆಲೆ. ಅದು ಬೇಡಿಕೆಯ ಬೆಲೆ. ದುಬಾರಿಯಾಗಿರುವುದರಿಂದಲೇ ಒಳ್ಳೆಯದಿರಬೇಕು ಎಂಬ ಊಹೆಗೆ ಇಲ್ಲಿ ಆಧಾರವಿಲ್ಲ.

ಅಳೆಯಬೇಕಾದ್ದು ವ್ಯತ್ಯಾಸವನ್ನು

‘ಈ ವಿಶ್ವವಿದ್ಯಾಲಯ ಚೆನ್ನಾಗಿದೆಯೇ?’ ಎಂದು ಕೇಳಿದರೆ ಸಿಗುವ ಉತ್ತರದಿಂದ ನಿರ್ಧಾರಕ್ಕೆ ಸಹಾಯವಾಗುವುದಿಲ್ಲ, ಏಕೆಂದರೆ ಚೆನ್ನಾಗಿರುವ ಸಂಸ್ಥೆಗಳು ಬಹಳ ಇವೆ. ಕೇಳಬೇಕಾದ್ದು, ಕೈಯಲ್ಲಿರುವ ಕಡಿಮೆ ಶುಲ್ಕದ ಸೀಟಿಗಿಂತ ಇದು ಎಷ್ಟು ಚೆನ್ನಾಗಿದೆ, ಆ ಹೆಚ್ಚುಗಾರಿಕೆಗೆ ಎಷ್ಟು ಹೆಚ್ಚು ಕೊಡುತ್ತಿದ್ದೇವೆ ಎಂದು.

ಒಂದು ಲೆಕ್ಕ ನೋಡೋಣ. ಹಾಸನದ ಒಂದು ಕುಟುಂಬಕ್ಕೆ ಊರಿನ ಕಾಲೇಜಿನಲ್ಲಿ ವರ್ಷಕ್ಕೆ ಒಂದು ಲಕ್ಷದ ಸಿಇಟಿ ಸೀಟೂ ಬೆಂಗಳೂರಿನಲ್ಲಿ ವರ್ಷಕ್ಕೆ ನಾಲ್ಕೂವರೆ ಲಕ್ಷದ ಸೀಟೂ ಸಿಗುತ್ತವೆ ಎಂದಿಟ್ಟುಕೊಳ್ಳೋಣ. ಶುಲ್ಕದ ವ್ಯತ್ಯಾಸ ನಾಲ್ಕು ವರ್ಷಕ್ಕೆ ಹದಿನಾಲ್ಕು ಲಕ್ಷ. ಮೊದಲ ಸೀಟು ಆರಿಸಿದರೆ ಮನೆಯಿಂದಲೇ ಓಡಾಡಬಹುದು. ಎರಡನೆಯದಕ್ಕೆ ಹಾಸ್ಟೆಲ್ ಮತ್ತು ಊಟಕ್ಕೆ ವರ್ಷಕ್ಕೆ ಒಂದೂವರೆ ಲಕ್ಷ ಹಿಡಿದರೂ ಇನ್ನು ಆರು ಲಕ್ಷ. ಇಪ್ಪತ್ತು ಲಕ್ಷವಾಯಿತು. ಶುಲ್ಕ ಪ್ರತಿ ವರ್ಷ ಶೇ 5ರಷ್ಟು ಏರುವ ಷರತ್ತಿದ್ದರೆ ಹದಿನೆಂಟು ಲಕ್ಷ ಎಂದುಕೊಂಡದ್ದು ಹತ್ತೊಂಬತ್ತು ಲಕ್ಷದ ನಲವತ್ತು ಸಾವಿರದ ಹತ್ತಿರ ಬರುತ್ತದೆ. ಕರಪತ್ರದಲ್ಲಿ ಮೊದಲ ವರ್ಷದ ಅಂಕಿ ಮಾತ್ರ ಇರುತ್ತದಾದ್ದರಿಂದ, ನಾಲ್ಕೂ ವರ್ಷದ ಶುಲ್ಕವನ್ನು, ಪರೀಕ್ಷೆ, ಬಸ್ಸು, ‘ಕೌಶಲ ತರಬೇತಿ’, ಮರಳಿ ಬಾರದ ಪ್ರವೇಶ ಶುಲ್ಕ ಇವನ್ನೆಲ್ಲ ಸೇರಿಸಿ, ಬರವಣಿಗೆಯಲ್ಲಿ ಕೇಳಬೇಕು.

ಆ ಹಣ ಬೇರೆಡೆ ಏನಾಗುತ್ತಿತ್ತು ಎಂಬುದೂ ಲೆಕ್ಕಕ್ಕೆ ಸೇರಿದ್ದೇ. ಹಾಸ್ಟೆಲ್ ಬಿಟ್ಟು ಬರೀ ಶುಲ್ಕದ ವ್ಯತ್ಯಾಸವಾದ ಮೂರೂವರೆ ಲಕ್ಷವನ್ನು ಪ್ರತಿ ವರ್ಷದ ಆರಂಭದಲ್ಲಿ ಶೇ 7ರ ಠೇವಣಿಯಲ್ಲಿಟ್ಟರೆ ಪದವಿ ಮುಗಿಯುವ ಹೊತ್ತಿಗೆ ಸುಮಾರು ಹದಿನಾರೂವರೆ ಲಕ್ಷವಿರುತ್ತದೆ. ಮುಂದೆ ಸ್ನಾತಕೋತ್ತರ ಪದವಿಗೋ ವಿದೇಶದ ಓದಿಗೋ ಅದು ಒದಗುತ್ತದೆ.

ಸಾಲ ಮಾಡಿದರೆ ಲೆಕ್ಕ ಬದಲಾಗುವ ಬಗೆ

ಉಳಿತಾಯದಿಂದ ಕಟ್ಟುವವರು ಕಳೆದುಕೊಳ್ಳಬಹುದಾದದ್ದು ಉಳಿತಾಯವನ್ನು. ಸಾಲ ಮಾಡಿ ಕಟ್ಟುವವರ ಮಕ್ಕಳು ಕೆಲಸಕ್ಕೆ ಸೇರುವ ಮೊದಲೇ ಒಂದು ಹೊರೆಯೊಂದಿಗೆ ಹೊರಡುತ್ತಾರೆ. ಈ ಭಾಗವನ್ನು ನಿಧಾನವಾಗಿ ಓದುವುದು ಒಳಿತು.

ಶಿಕ್ಷಣ ಸಾಲದಲ್ಲಿ ಓದಿನ ಅವಧಿ ಮತ್ತು ಸಾಮಾನ್ಯವಾಗಿ ನಂತರದ ಒಂದು ವರ್ಷದವರೆಗೆ ಕಂತು ಕಟ್ಟಬೇಕಾಗಿಲ್ಲ. ಆದರೆ ಬಡ್ಡಿ ನಿಲ್ಲುವುದಿಲ್ಲ. ಮೇಲಿನ ಕುಟುಂಬ ಆರು ಲಕ್ಷವನ್ನು ಕೈಯಿಂದ ಹಾಕಿ, ಉಳಿದ ಹನ್ನೆರಡು ಲಕ್ಷವನ್ನು ವರ್ಷಕ್ಕೆ ಮೂರು ಲಕ್ಷದಂತೆ ಶೇ 10ರ ಬಡ್ಡಿಗೆ ಸಾಲ ತೆಗೆಯಿತು ಎನ್ನೋಣ. ಮೊದಲ ಮೂರು ಲಕ್ಷಕ್ಕೆ ಐದು ವರ್ಷದ ಬಡ್ಡಿ, ಎರಡನೆಯದಕ್ಕೆ ನಾಲ್ಕು ವರ್ಷದ್ದು, ಹೀಗೆ ಸರಳ ಬಡ್ಡಿಯೇ ನಾಲ್ಕು ಲಕ್ಷದ ಇಪ್ಪತ್ತು ಸಾವಿರವಾಗುತ್ತದೆ. ಮೊದಲ ಕಂತಿನ ದಿನ ಸಾಲ ನಿಂತಿರುವುದು ಹನ್ನೆರಡಕ್ಕಲ್ಲ, 16.2 ಲಕ್ಷಕ್ಕೆ. ಹತ್ತು ವರ್ಷದಲ್ಲಿ ತೀರಿಸುವುದಾದರೆ ತಿಂಗಳ ಕಂತು ಸುಮಾರು 21,400 ರೂಪಾಯಿ, ಒಟ್ಟು ಕಟ್ಟುವುದು 25.7 ಲಕ್ಷ. ಹದಿನೈದು ವರ್ಷಕ್ಕೆ ಎಳೆದರೆ ಕಂತು 17,400ಕ್ಕೆ ಇಳಿದು ಒಟ್ಟು ಮೊತ್ತ 31 ಲಕ್ಷ ದಾಟುತ್ತದೆ.

ಇದನ್ನು ಸಂಬಳದ ಪಕ್ಕದಲ್ಲಿಟ್ಟು ನೋಡಬೇಕು. ದೊಡ್ಡ ಐಟಿ ಸೇವಾ ಕಂಪನಿಗಳು ಸಾವಿರಗಟ್ಟಲೆ ಹೊಸಬರನ್ನು ಸೇರಿಸಿಕೊಳ್ಳುವ ಆರಂಭಿಕ ಹುದ್ದೆಗಳ ವೇತನ ಒಂದು ದಶಕಕ್ಕೂ ಹೆಚ್ಚು ಕಾಲದಿಂದ ವರ್ಷಕ್ಕೆ ಮೂರೂವರೆ ಲಕ್ಷದ ಆಸುಪಾಸಿನಲ್ಲೇ ನಿಂತಿದೆ. ಭವಿಷ್ಯ ನಿಧಿ ಮುಂತಾದವು ಕಳೆದು ಕೈಗೆ ಬರುವುದು ತಿಂಗಳಿಗೆ ಸುಮಾರು 25,000. ಬೆಂಗಳೂರಿನಲ್ಲಿ ಪಿ.ಜಿ. ಬಾಡಿಗೆಗೇ ಹತ್ತು ಸಾವಿರ ಬೇಕು. 21,400ರ ಕಂತನ್ನು ಆ ಸಂಬಳ ಹೊರಲಾರದು, ಅಪ್ಪ ಅಮ್ಮನೇ ಹೊರಬೇಕಾಗುತ್ತದೆ. ಎಂಟು ಲಕ್ಷದ ಕೆಲಸ ಸಿಕ್ಕಿದರೆ ಕೈಗೆ ಐವತ್ತೈದು, ಅರವತ್ತು ಸಾವಿರ ಬಂದು ಕಂತು ಕಷ್ಟವಾದರೂ ನಡೆಯುತ್ತದೆ. ಹಾಗಾಗಿ ತಿಳಿಯಬೇಕಾದ್ದು, ಆ ಸಂಸ್ಥೆಯ ಆ ಬ್ರಾಂಚ್‌ನಲ್ಲಿ ಓದಿದ ಮಧ್ಯಮ ಮಟ್ಟದ ವಿದ್ಯಾರ್ಥಿಗೆ ಎಂಟು ಲಕ್ಷದ ಕೆಲಸ ಸಿಗುತ್ತಿದೆಯೇ ಎಂಬುದು. ಊರಿನ ಕಾಲೇಜಿನಲ್ಲಿ ಓದಿದ್ದರೆ ಸಿಗುತ್ತಿದ್ದ ಸಂಬಳಕ್ಕಿಂತ ತಿಂಗಳಿಗೆ ಇಪ್ಪತ್ತೊಂದು ಸಾವಿರ ಹೆಚ್ಚು, ಅದೂ ಹತ್ತು ವರ್ಷ ಸತತವಾಗಿ ಕೈಗೆ ಬಂದರೆ ಮಾತ್ರ ಸಾಲದ ಹಣ ಸರಿತೂಗುತ್ತದೆ.

ಬ್ಯಾಂಕಿನ ನಿಯಮಗಳಲ್ಲಿ ಗಮನಿಸಬೇಕಾದವು ಕೆಲವಿವೆ. ಮಾದರಿ ಶಿಕ್ಷಣ ಸಾಲ ಯೋಜನೆಯಲ್ಲಿ ಏಳೂವರೆ ಲಕ್ಷದವರೆಗೆ ಸ್ಥಿರಾಸ್ತಿಯ ಅಡಮಾನ ಬೇಕಿಲ್ಲ, ಅದಕ್ಕಿಂತ ಹೆಚ್ಚಾದರೆ ಸಾಮಾನ್ಯವಾಗಿ ಮನೆಯನ್ನೋ ನಿವೇಶನವನ್ನೋ ಅಡವಿಡಬೇಕು. ಕೃಷಿ ಭೂಮಿಯನ್ನು ಬ್ಯಾಂಕುಗಳು ಇದಕ್ಕೆ ಒಪ್ಪಲು ಹಿಂಜರಿಯುತ್ತವೆ, ಏಕೆಂದರೆ ಸಾಲ ವಸೂಲಿಯ ಸರ್ಫೇಸಿ ಕಾಯ್ದೆ ಕೃಷಿ ಜಮೀನಿಗೆ ಅನ್ವಯಿಸುವುದಿಲ್ಲ. ನಾಲ್ಕೆಕರೆ ತೋಟವಿದೆ, ಸಾಲ ಸುಲಭ ಎಂದುಕೊಂಡು ಸೀಟು ಹಿಡಿದವರು ಇಲ್ಲಿ ಸಿಕ್ಕಿಬೀಳುತ್ತಾರೆ. ತಂದೆ ಅಥವಾ ತಾಯಿ ಸಹ-ಸಾಲಗಾರರಾಗುವುದರಿಂದ ಕಂತು ತಪ್ಪಿದರೆ ಇಬ್ಬರ ಸಿಬಿಲ್ ಅಂಕವೂ ಕುಸಿಯುತ್ತದೆ. ಬಡ್ಡಿಯ ಮೇಲಿನ ತೆರಿಗೆ ವಿನಾಯಿತಿ ಎಂಟು ವರ್ಷಗಳವರೆಗೆ ಸಿಗುತ್ತದೆ, ಆದರೆ ಹಳೆಯ ತೆರಿಗೆ ಪದ್ಧತಿಯಲ್ಲಿ ಮಾತ್ರ.

ಕೇಂದ್ರ ಸಂಪುಟ 2024ರ ನವೆಂಬರ್‌ನಲ್ಲಿ ಒಪ್ಪಿದ ಪಿಎಂ-ವಿದ್ಯಾಲಕ್ಷ್ಮಿ ಯೋಜನೆಯಲ್ಲಿ ಆಯ್ದ ಸಂಸ್ಥೆಗಳಿಗೆ, ಆರಂಭದಲ್ಲಿ 860ಕ್ಕೆ, ಅರ್ಹತೆಯ ಮೇಲೆ ಪ್ರವೇಶ ಪಡೆದವರಿಗೆ ಅಡಮಾನವಾಗಲಿ ಜಾಮೀನುದಾರರಾಗಲಿ ಇಲ್ಲದೆ ಸಾಲ ಸಿಗುತ್ತದೆ. ಎಂಟು ಲಕ್ಷದೊಳಗಿನ ಆದಾಯದ ಕುಟುಂಬಗಳಿಗೆ ಹತ್ತು ಲಕ್ಷದವರೆಗಿನ ಸಾಲಕ್ಕೆ, ಕಂತು ಆರಂಭವಾಗುವವರೆಗೆ, ಶೇ 3ರ ಬಡ್ಡಿ ಸಹಾಯವೂ ಇದೆ. ಇದಕ್ಕೆ ವರ್ಷಕ್ಕೆ ಒಂದು ಲಕ್ಷ ವಿದ್ಯಾರ್ಥಿಗಳ ಮಿತಿ ಇದೆ. ನೀವು ನೋಡುತ್ತಿರುವ ಸಂಸ್ಥೆ ಆ ಪಟ್ಟಿಯಲ್ಲಿದೆಯೇ ಎಂಬುದು ಯೋಜನೆಯ ಜಾಲತಾಣದಲ್ಲಿ ಒಂದು ನಿಮಿಷದ ಕೆಲಸ.

ಪ್ಲೇಸ್‌ಮೆಂಟ್ ಅಂಕಿಗಳ ಒಳಗೆ

ಫಲಕಗಳಲ್ಲಿ ದೊಡ್ಡ ಅಕ್ಷರದಲ್ಲಿರುವ ‘ಗರಿಷ್ಠ ಪ್ಯಾಕೇಜ್’ ಒಬ್ಬ ವಿದ್ಯಾರ್ಥಿಯ ಸಾಧನೆ. ನಿಮ್ಮ ನಿರ್ಧಾರಕ್ಕೆ ಅದರಿಂದ ಯಾವ ಉಪಯೋಗವೂ ಇಲ್ಲ. ‘ಸರಾಸರಿ’ ಅದಕ್ಕಿಂತ ಮೇಲು, ಆದರೂ ದಾರಿ ತಪ್ಪಿಸುತ್ತದೆ. ಹತ್ತು ಜನರಲ್ಲಿ ಒಂಬತ್ತು ಮಂದಿಗೆ ನಾಲ್ಕು ಲಕ್ಷದ ಕೆಲಸ, ಒಬ್ಬನಿಗೆ ನಲವತ್ತನಾಲ್ಕು ಲಕ್ಷದ ಕೆಲಸ ಸಿಕ್ಕಿದರೆ ಸರಾಸರಿ ಎಂಟು ಲಕ್ಷ ಬರುತ್ತದೆ. ಎಂಟು ಲಕ್ಷ ಪಡೆದವರು ಅಲ್ಲಿ ಒಬ್ಬರೂ ಇಲ್ಲ. ಎಲ್ಲರ ಸಂಬಳವನ್ನು ಏರಿಕೆಯ ಕ್ರಮದಲ್ಲಿ ಬರೆದಾಗ ನಡುವೆ ಬರುವ ಅಂಕಿಯನ್ನು ಮಧ್ಯಾಂಕ ಅಥವಾ ಮೀಡಿಯನ್ ಎನ್ನುತ್ತಾರೆ. ಇಲ್ಲಿ ಅದು ನಾಲ್ಕು ಲಕ್ಷ, ಮೇಲಿನ ಕಂತಿನ ಲೆಕ್ಕಕ್ಕೆ ಹಾಕಬೇಕಾದ ಅಂಕಿಯೂ ಅದೇ.

‘ಶೇ 95 ಪ್ಲೇಸ್‌ಮೆಂಟ್’ ಎಂದಾಗ ಯಾರಲ್ಲಿ ಶೇ 95 ಎಂದು ಕೇಳಬೇಕು. ಅಂತಿಮ ವರ್ಷದ ಎಲ್ಲ ವಿದ್ಯಾರ್ಥಿಗಳಲ್ಲೋ, ಬಾಕಿ ವಿಷಯಗಳಿಲ್ಲದೆ ನಿಗದಿತ ಅಂಕ ಪಡೆದು ಪ್ಲೇಸ್‌ಮೆಂಟ್ ವಿಭಾಗದಲ್ಲಿ ಹೆಸರು ನೋಂದಾಯಿಸಿದವರಲ್ಲೋ? ಒಬ್ಬರಿಗೇ ಮೂರು ಕಂಪನಿಗಳ ಆಫರ್ ಬಂದರೆ ‘ಒಟ್ಟು ಆಫರ್‌ಗಳು’ ಎಂಬ ಸಾಲಿನಲ್ಲಿ ಅದು ಮೂರಾಗುತ್ತದೆ. ಇಂಟರ್ನ್‌ಶಿಪ್ ಮುಗಿದ ಮೇಲೆ ಕೆಲಸ ನೋಡಿ ಖಾಯಂ ಮಾಡುವ ಷರತ್ತಿನ ಆಫರ್‌ಗಳನ್ನೂ ಕೆಲವೆಡೆ ಲೆಕ್ಕಕ್ಕೆ ಸೇರಿಸುತ್ತಾರೆ.

ಪ್ಯಾಕೇಜ್ ಎಂಬುದು ಕಂಪನಿಗೆ ತಗಲುವ ಒಟ್ಟು ವೆಚ್ಚ, ಅಂದರೆ ಸಿಟಿಸಿ. ಇಪ್ಪತ್ತು ಲಕ್ಷ ಎಂದಿರುವ ಆಫರ್ ಪತ್ರವನ್ನು ಬಿಡಿಸಿ ನೋಡಿದರೆ ಮೂಲ ವೇತನ ಮತ್ತು ಭತ್ಯೆಗಳು ಹನ್ನೆರಡು ಲಕ್ಷವಿದ್ದು, ಉಳಿದದ್ದು ಒಂದು ಬಾರಿ ಮಾತ್ರ ಬರುವ ಸೇರ್ಪಡೆ ಬೋನಸ್, ನಾಲ್ಕು ವರ್ಷಗಳಲ್ಲಿ ಕಂತಿನಲ್ಲಿ ಸಿಗುವ ಷೇರುಗಳು, ಕಂಪನಿಯ ಪಾಲಿನ ಪಿಎಫ್, ಐದು ವರ್ಷ ದುಡಿದ ಮೇಲೆ ಕೈಗೆ ಬರುವ ಗ್ರಾಚ್ಯುಟಿ ಆಗಿರಬಹುದು.

ಈ ಅಂಕಿಗಳಿಗೆ ಸಂಸ್ಥೆಯ ಮಾತನ್ನೇ ನಂಬಬೇಕಾಗಿಲ್ಲ. ರಾಷ್ಟ್ರೀಯ ಶ್ರೇಯಾಂಕ ಚೌಕಟ್ಟು, ಅಂದರೆ ಎನ್‌ಐಆರ್‌ಎಫ್‌ಗೆ ಸಂಸ್ಥೆಗಳು ಸಲ್ಲಿಸುವ ದಾಖಲೆ ಸಾರ್ವಜನಿಕವಾಗಿ ಸಿಗುತ್ತದೆ. ನಾಲ್ಕು ವರ್ಷದ ಪದವಿಗೆ ಎಷ್ಟು ಮಂದಿ ಸೇರಿದರು, ಎಷ್ಟು ಮಂದಿ ಸಮಯಕ್ಕೆ ಸರಿಯಾಗಿ ತೇರ್ಗಡೆಯಾದರು, ಎಷ್ಟು ಮಂದಿಗೆ ಕೆಲಸ ಸಿಕ್ಕಿತು, ಎಷ್ಟು ಮಂದಿ ಉನ್ನತ ವ್ಯಾಸಂಗಕ್ಕೆ ಹೋದರು, ಮೀಡಿಯನ್ ಸಂಬಳವೆಷ್ಟು ಎಂಬುದೆಲ್ಲ ಅದರಲ್ಲಿ ವರ್ಷವಾರು ಇರುತ್ತದೆ. ಅದೂ ಸಂಸ್ಥೆಯೇ ಕೊಟ್ಟ ಅಂಕಿ, ಬ್ರಾಂಚ್‌ವಾರು ವಿಂಗಡಣೆಯೂ ಇರುವುದಿಲ್ಲ, ನಿಜ. ಆದರೆ ಫಲಕದಲ್ಲಿ ಬರೆದ ಅಂಕಿಯನ್ನೂ ಸರ್ಕಾರಕ್ಕೆ ಬರೆದುಕೊಟ್ಟ ಅಂಕಿಯನ್ನೂ ಪಕ್ಕಪಕ್ಕದಲ್ಲಿಟ್ಟರೆ ಬಹಳಷ್ಟು ತಿಳಿಯುತ್ತದೆ.

ಸಾಧನೆ ಸಂಸ್ಥೆಯದೋ, ವಿದ್ಯಾರ್ಥಿಯದೋ?

ಕೆರೆಯ ಕೆಳಗಿನ ಗದ್ದೆಯವರಿಗೆ ಮಾತ್ರ ಗೊಬ್ಬರ ಮಾರುವ ಅಂಗಡಿಯವನು, ತನ್ನ ಗಿರಾಕಿಗಳ ಇಳುವರಿ ಊರಿಗೇ ಹೆಚ್ಚು ಎಂದು ಹೇಳಿಕೊಂಡರೆ ಅದು ಸುಳ್ಳಲ್ಲ. ಆದರೆ ಅದರಲ್ಲಿ ನೀರಿನ ಪಾಲೆಷ್ಟು, ಗೊಬ್ಬರದ ಪಾಲೆಷ್ಟು ಎಂಬುದು ತಿಳಿಯುವುದಿಲ್ಲ. ಸಿಇಟಿಯಲ್ಲಿ ಮೊದಲ ಒಂದೆರಡು ಸಾವಿರ ರ‍್ಯಾಂಕಿನವರನ್ನು ಸೇರಿಸಿಕೊಳ್ಳುವ ಕಾಲೇಜಿನ ಪ್ಲೇಸ್‌ಮೆಂಟ್ ಚೆನ್ನಾಗಿರುವುದಕ್ಕೂ ಇದೇ ಮಾತು ಸಲ್ಲುತ್ತದೆ. ಸಂಶೋಧಕರು ಇದನ್ನು ಆಯ್ಕೆಯ ಪರಿಣಾಮ ಎನ್ನುತ್ತಾರೆ.

ಈ ಎರಡನ್ನೂ ಬೇರ್ಪಡಿಸಲು ಅಮೆರಿಕದ ಸಂಶೋಧಕರಾದ ಸ್ಟೇಸಿ ಡೇಲ್ ಮತ್ತು ಅಲನ್ ಕ್ರೂಗರ್ ಒಂದು ಜಾಣ ದಾರಿ ಹಿಡಿದರು. 2002ರಲ್ಲಿ ಪ್ರಕಟವಾದ ಅವರ ಅಧ್ಯಯನ, ಒಂದೇ ಬಗೆಯ ಕಾಲೇಜುಗಳಿಗೆ ಅರ್ಜಿ ಹಾಕಿ ಒಂದೇ ಬಗೆಯ ಫಲಿತಾಂಶ ಪಡೆದ ವಿದ್ಯಾರ್ಥಿಗಳಲ್ಲಿ, ಹೆಚ್ಚು ಪ್ರತಿಷ್ಠಿತ ಕಾಲೇಜಿಗೆ ಹೋದವರನ್ನೂ ಸೀಟಿದ್ದೂ ಸಾಧಾರಣ ಕಾಲೇಜು ಆರಿಸಿದವರನ್ನೂ ಹೋಲಿಸಿತು. ವರ್ಷಗಳ ನಂತರ ಇಬ್ಬರ ಸಂಪಾದನೆಯಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸವಿರಲಿಲ್ಲ. ಆದರೆ ಬಡ ಕುಟುಂಬಗಳ ವಿದ್ಯಾರ್ಥಿಗಳಿಗೆ ಪ್ರತಿಷ್ಠಿತ ಕಾಲೇಜಿನಿಂದ ಲಾಭವಾಗಿತ್ತು. ಮನೆಯಲ್ಲಿ ಇಲ್ಲದ ಪರಿಚಯ, ಸಂಪರ್ಕ, ತಿಳಿವಳಿಕೆ ಕಾಲೇಜಿನಲ್ಲಿ ಸಿಕ್ಕಿದ್ದು ಅದಕ್ಕೆ ಕಾರಣವಿರಬಹುದು.

ಅಮೆರಿಕದ ಫಲಿತಾಂಶವನ್ನು ಹಾಗೆಯೇ ಇಲ್ಲಿಗೆ ತರಲಾಗದು. ನಮ್ಮಲ್ಲಿ ಕಂಪನಿಗಳು ಕ್ಯಾಂಪಸ್ ನೋಡಿಯೇ ಬರುತ್ತವೆ. ಕೆಲವು ಕಂಪನಿಗಳು ಬಾರದ ಕಾಲೇಜಿನಲ್ಲಿ ಓದಿದವರು ಮೊದಲ ಕೆಲಸಕ್ಕೆ ಹೆಚ್ಚು ಅಲೆಯಬೇಕಾಗುತ್ತದೆ. ಇನ್ನೊಂದು ವ್ಯತ್ಯಾಸವೂ ಇದೆ. ಅಲ್ಲಿನ ಅಧ್ಯಯನದ ಪ್ರತಿಷ್ಠಿತ ಕಾಲೇಜುಗಳು ಆಯ್ದು ಸೇರಿಸಿಕೊಳ್ಳುವಂಥವು. ಹಣ ಕಟ್ಟಿದರೆ ಯಾವ ರ‍್ಯಾಂಕಿಗೂ ಸೀಟು ಕೊಡುವ ದುಬಾರಿ ಸಂಸ್ಥೆಗೆ ಆ ನೀರಿನ ಲಾಭವೂ ಇಲ್ಲ. ಅಲ್ಲಿ ಒಳ್ಳೆಯ ಫಲಿತಾಂಶ ಬರಬೇಕಾದರೆ ಪಾಠವೇ ಅಷ್ಟು ಚೆನ್ನಾಗಿರಬೇಕು.

ಪಾಠ ಚೆನ್ನಾಗಿದೆಯೇ ಎಂದು ತಿಳಿಯುವುದು

ಗುಣಮಟ್ಟ ಅಳೆಯುವ ರಾಷ್ಟ್ರೀಯ ಮಂಡಳಿಯಾದ ನ್ಯಾಕ್ ಕೊಡುವ ಶ್ರೇಣಿ ಇಡೀ ಸಂಸ್ಥೆಗೆ ಸಿಗುವಂಥದ್ದು; ತಾಂತ್ರಿಕ ಕೋರ್ಸುಗಳನ್ನು ಪರಿಶೀಲಿಸುವ ರಾಷ್ಟ್ರೀಯ ಮಂಡಳಿಯ, ಎನ್‌ಬಿಎ ಮಾನ್ಯತೆ ಒಂದೊಂದು ಕೋರ್ಸಿಗೆ. ಎ++ ಶ್ರೇಣಿಯ ಸಂಸ್ಥೆಯಲ್ಲಿ ಹೊಸದಾಗಿ ತೆರೆದ ಕೃತಕ ಬುದ್ಧಿಮತ್ತೆಯ ಕೋರ್ಸಿಗೆ ಎನ್‌ಬಿಎ ಮಾನ್ಯತೆ ಇಲ್ಲದಿರಬಹುದು, ಮೊದಲ ತಂಡವೇ ಇನ್ನೂ ಹೊರಬಂದಿಲ್ಲದಿರಬಹುದು. ನ್ಯಾಕ್ ಶ್ರೇಣಿಯನ್ನೂ ಕಣ್ಣುಮುಚ್ಚಿ ನಂಬುವಂತಿಲ್ಲ. ಲಂಚದ ಪ್ರಕರಣದಲ್ಲಿ ಅದರ ಪರಿಶೀಲನಾ ತಂಡವೊಂದರ ಸದಸ್ಯರನ್ನು 2025ರ ಫೆಬ್ರವರಿಯಲ್ಲಿ ಸಿಬಿಐ ಬಂಧಿಸಿತ್ತು. ಇನ್ನು ಎನ್‌ಐಆರ್‌ಎಫ್ ಶ್ರೇಯಾಂಕದ ಅಂಕಗಳಲ್ಲಿ ಸಂಶೋಧನೆಗೂ ದೊಡ್ಡ ಪಾಲಿದೆ. ಪ್ರಬಂಧಗಳ ಸಂಖ್ಯೆ ಏರಿದರೆ ಶ್ರೇಯಾಂಕವೂ ಏರುತ್ತದೆ, ಎರಡನೇ ಸೆಮಿಸ್ಟರ್‌ನ ಗಣಿತದ ಪಾಠ ಹಾಗೆಯೇ ಇರಬಹುದು.

ಹೆಚ್ಚು ತಿಳಿಸುವ ಅಂಕಿ ಅಧ್ಯಾಪಕರದ್ದು. ತಾಂತ್ರಿಕ ಶಿಕ್ಷಣವನ್ನು ನಿಯಂತ್ರಿಸುವ ಎಐಸಿಟಿಇ ಮಾನದಂಡದಲ್ಲಿ ಇಪ್ಪತ್ತು ವಿದ್ಯಾರ್ಥಿಗಳಿಗೆ ಒಬ್ಬ ಅಧ್ಯಾಪಕರಿರಬೇಕು. 2024–25ರಿಂದ ಬ್ರಾಂಚ್‌ವಾರು ಸೀಟುಗಳ ಮಿತಿಯನ್ನು ಎಐಸಿಟಿಇ ತೆಗೆದುಹಾಕಿದ ಮೇಲೆ ಕಂಪ್ಯೂಟರ್ ಸೈನ್ಸ್ ಸೀಟುಗಳನ್ನು ಹೆಚ್ಚಿಸಿಕೊಳ್ಳಲು ದಾರಿಯಾಗಿದೆ. ವರ್ಷಕ್ಕೆ 600 ಮಂದಿಯನ್ನು ಸೇರಿಸಿಕೊಳ್ಳುವ ವಿಭಾಗದಲ್ಲಿ ನಾಲ್ಕು ವರ್ಷಕ್ಕೆ 2,400 ವಿದ್ಯಾರ್ಥಿಗಳು. ಅಲ್ಲಿ 120 ಅಧ್ಯಾಪಕರಿರಬೇಕು. ವಿಭಾಗದ ಜಾಲಪುಟ ತೆರೆದು ಹೆಸರುಗಳನ್ನು ಎಣಿಸಿ, ಅವರಲ್ಲಿ ಎಷ್ಟು ಮಂದಿ ಕಳೆದ ಒಂದೆರಡು ವರ್ಷದಲ್ಲಿ ಸೇರಿದವರು ಎಂದು ನೋಡಬಹುದು. ಕ್ಯಾಂಪಸ್ ನೋಡಲು ಹೋದಾಗ ಪ್ರವೇಶ ವಿಭಾಗದವರು ತೋರಿಸುವ ಈಜುಕೊಳಕ್ಕಿಂತ, ಕ್ಯಾಂಟೀನಿನಲ್ಲಿ ಸಿಗುವ ಮೂರನೇ ವರ್ಷದ ಇಬ್ಬರು ವಿದ್ಯಾರ್ಥಿಗಳ ಜೊತೆ ಅರ್ಧ ಗಂಟೆ ಮಾತನಾಡುವುದು ಉಪಯುಕ್ತ. ಒಂದು ಸೆಕ್ಷನ್‌ನಲ್ಲಿ ಎಷ್ಟು ಮಂದಿ, ಲ್ಯಾಬ್‌ನಲ್ಲಿ ಒಬ್ಬರಿಗೊಂದು ಕಂಪ್ಯೂಟರ್ ಸಿಗುತ್ತದೆಯೇ, ಸೆಮಿಸ್ಟರ್ ನಡುವೆ ಅಧ್ಯಾಪಕರು ಬಿಟ್ಟುಹೋದರೆ ಏನಾಗುತ್ತದೆ ಎಂದು ಅವರು ಮುಚ್ಚುಮರೆಯಿಲ್ಲದೆ ಹೇಳುತ್ತಾರೆ.

ಹೆಚ್ಚು ಕೊಡುವುದಕ್ಕೆ ಅರ್ಥವಿರುವ ಸಂದರ್ಭಗಳು

ಲೆಕ್ಕ ಯಾವಾಗಲೂ ಕಡಿಮೆ ಶುಲ್ಕದ ಕಡೆಗೇ ವಾಲುತ್ತದೆ ಎಂದಲ್ಲ. ಸಾಲವಿಲ್ಲದೆ, ನಿವೃತ್ತಿಯ ಹಣವನ್ನೂ ಇನ್ನೊಂದು ಮಗುವಿನ ಓದನ್ನೂ ಮುಟ್ಟದೆ ಕಟ್ಟಬಲ್ಲ ಕುಟುಂಬಕ್ಕೆ ಇದು ಆದ್ಯತೆಯ ಪ್ರಶ್ನೆ ಅಷ್ಟೆ. ಸರ್ಕಾರಿ ವ್ಯವಸ್ಥೆಯಲ್ಲಿ ಸೀಟುಗಳು ತೀರಾ ವಿರಳವಾಗಿರುವ ವಿನ್ಯಾಸದಂಥ ಕ್ಷೇತ್ರಗಳಲ್ಲಿ ಹೋಲಿಸಲು ಅಗ್ಗದ ಪರ್ಯಾಯವೇ ಇರುವುದಿಲ್ಲ. ಕೆಲವು ಖಾಸಗಿ ಸಂಸ್ಥೆಗಳ ವಿದ್ಯಾರ್ಥಿವೇತನವೂ ಲೆಕ್ಕವನ್ನು ತಿರುಗಿಸುತ್ತದೆ. ಬೆಂಗಳೂರಿನ ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯ ಕುಟುಂಬದ ಆರ್ಥಿಕ ಸ್ಥಿತಿ ನೋಡಿ ಶುಲ್ಕ ವಿನಾಯಿತಿ ಕೊಡುತ್ತದೆ. ಪ್ರವೇಶದ ವೇಳೆ ಕೊಡುವ ‘ಮೆರಿಟ್ ರಿಯಾಯಿತಿ’ಗಳನ್ನು ಮಾತ್ರ ಷರತ್ತು ಓದಿ ಒಪ್ಪಬೇಕು. ಪ್ರತಿ ವರ್ಷ ಇಂತಿಷ್ಟು ಸಿಜಿಪಿಎ ಉಳಿಸಿಕೊಂಡರೆ ಮಾತ್ರ ಮುಂದುವರಿಯುವ ರಿಯಾಯಿತಿ ಎರಡನೇ ವರ್ಷಕ್ಕೇ ನಿಂತುಹೋಗಬಹುದು.

ಬ್ರಾಂಚ್‌ಗಾಗಿ ಹೆಚ್ಚು ಕೊಡಬೇಕೇ ಎಂಬುದು ಹೆಚ್ಚು ಮನೆಗಳನ್ನು ಕಾಡುವ ಪ್ರಶ್ನೆ. ಐಟಿ ಸೇವಾ ಕಂಪನಿಗಳು ಆರಂಭಿಕ ಹುದ್ದೆಗಳಿಗೆ ಸಾಮಾನ್ಯವಾಗಿ ಎಲ್ಲ ಬ್ರಾಂಚ್‌ಗಳವರನ್ನೂ ತೆಗೆದುಕೊಳ್ಳುತ್ತವೆ. ಹೆಚ್ಚು ಸಂಬಳದ ಸಾಫ್ಟ್‌ವೇರ್ ಉತ್ಪನ್ನ ಕಂಪನಿಗಳಲ್ಲಿ ಹಲವು ಕಂಪ್ಯೂಟರ್ ಸೈನ್ಸ್, ಇನ್ಫರ್ಮೇಷನ್ ಸೈನ್ಸ್, ಎಲೆಕ್ಟ್ರಾನಿಕ್ಸ್‌ಗಳಿಗೆ ಸೀಮಿತವಾಗುತ್ತವೆ. ಹಾಗಾಗಿ ಒಳ್ಳೆಯ ಕಾಲೇಜಿನ ಎಲೆಕ್ಟ್ರಾನಿಕ್ಸ್ ಸೀಟು ಬಿಟ್ಟು ಹದಿನಾಲ್ಕು ಲಕ್ಷ ಹೆಚ್ಚು ಕೊಟ್ಟು ಕಂಪ್ಯೂಟರ್ ಸೈನ್ಸ್ ಹಿಡಿಯುವುದನ್ನು ಸಮರ್ಥಿಸುವುದು ಕಷ್ಟ. ಸಿಕ್ಕಿರುವುದು ವಿದ್ಯಾರ್ಥಿಗೆ ಆಸಕ್ತಿಯೇ ಇಲ್ಲದ ಬ್ರಾಂಚ್ ಆಗಿದ್ದರೆ ಮಾತು ಬೇರೆ. ನಾಲ್ಕು ವರ್ಷ ಮನಸ್ಸಿಲ್ಲದೆ ಓದಿ ಬಾಕಿ ವಿಷಯಗಳನ್ನು ಗುಡ್ಡೆ ಹಾಕಿಕೊಂಡರೆ ಅಗ್ಗದ ಸೀಟೂ ದುಬಾರಿಯೇ.

ಹಣ ಕಟ್ಟುವ ಮೊದಲು ಮತ್ತು ನಂತರ

ರಸೀದಿ ಇಲ್ಲದೆ ಕೇಳುವ ಯಾವ ಮೊತ್ತವೂ ವಂತಿಗೆಯೇ. ಅದು ಸಾಲಕ್ಕೆ ಸಲ್ಲುವುದಿಲ್ಲ, ಸೀಟು ಬಿಟ್ಟರೆ ವಾಪಸೂ ಬರುವುದಿಲ್ಲ. ಮೂಲ ಅಂಕಪಟ್ಟಿಗಳನ್ನು ಸಂಸ್ಥೆ ತನ್ನ ಬಳಿ ಇಟ್ಟುಕೊಳ್ಳುವಂತಿಲ್ಲ, ಪರಿಶೀಲಿಸಿ ಹಿಂದಿರುಗಿಸಬೇಕು ಎಂಬುದು ಯುಜಿಸಿಯ ಸ್ಪಷ್ಟ ಸೂಚನೆ.

ಸಿಇಟಿ ಸುತ್ತುಗಳು ಮುಗಿಯುವ ಮುನ್ನವೇ ಮುಂಗಡ ಕಟ್ಟಿ, ನಂತರ ಬೇರೆ ಸೀಟು ಸಿಕ್ಕಾಗ ಹಣ ವಾಪಸು ಕೇಳುವ ಸಂದರ್ಭ ಬಹಳ ಮನೆಗಳಿಗೆ ಬರುತ್ತದೆ. ಯುಜಿಸಿ 2018ರಲ್ಲಿ ಹೊರಡಿಸಿದ ಅಧಿಸೂಚನೆಯಂತೆ, ಪ್ರವೇಶದ ಕೊನೆಯ ದಿನಾಂಕಕ್ಕೆ ಹದಿನೈದು ದಿನ ಅಥವಾ ಅದಕ್ಕೂ ಮೊದಲು ಸೀಟು ಬಿಟ್ಟರೆ ಅಲ್ಪ ಸಂಸ್ಕರಣಾ ವೆಚ್ಚ ಕಳೆದು ಪೂರ್ತಿ ಶುಲ್ಕ, ಆ ಹದಿನೈದು ದಿನದೊಳಗಾದರೆ ಶೇ 90, ಕೊನೆಯ ದಿನಾಂಕದ ನಂತರ ಹದಿನೈದು ದಿನದೊಳಗೆ ಶೇ 80, ಮೂವತ್ತು ದಿನದೊಳಗೆ ಶೇ 50 ಹಿಂದಿರುಗಿಸಬೇಕು. ಆಮೇಲೆ ಏನೂ ಇಲ್ಲ. ಯುಜಿಸಿ ಕೆಲವು ವರ್ಷ ಇದಕ್ಕಿಂತ ಉದಾರವಾದ ಗಡುವನ್ನು ಪ್ರತ್ಯೇಕವಾಗಿ ಪ್ರಕಟಿಸಿದ್ದೂ ಇದೆ. ದಿನಗಳನ್ನು ಎಣಿಸುವುದು ಸಂಸ್ಥೆ ಅಧಿಕೃತವಾಗಿ ಪ್ರಕಟಿಸಿದ ಪ್ರವೇಶದ ಕೊನೆಯ ದಿನಾಂಕದಿಂದಲೇ ಹೊರತು ನೀವು ಹಣ ಕಟ್ಟಿದ ದಿನದಿಂದಲ್ಲ. ಆದ್ದರಿಂದ ಆ ದಿನಾಂಕವಿರುವ ಪ್ರಕಟಣೆಯ ಒಂದು ಪ್ರತಿಯನ್ನು ಹಣ ಕಟ್ಟಿದ ದಿನವೇ ತೆಗೆದು ರಸೀದಿಯ ಜೊತೆ ಇಟ್ಟುಕೊಳ್ಳಬೇಕು, ಸೀಟು ಬಿಡುವ ಅರ್ಜಿಯನ್ನು ಫೋನಿನಲ್ಲಿ ಹೇಳಿ ಮುಗಿಸದೆ ಇ-ಮೇಲ್‌ನಲ್ಲೇ ಕಳುಹಿಸಬೇಕು.